ಟಿಬಿಲಿಸಿಯಲ್ಲಿ ರಾಗಿ ಹಿಟ್ಟು

ಶೆಟ್ಟಿಹಳ್ಳಿ

ಮಂಜುಳಾ ಕುಣಿಗಲ್‌ನವಳು, ನಾನು ಗುಬ್ಬಿಯವಳು. ತುಮಕೂರಿನಲ್ಲಿ ಚಿತ್ರಕಲೆ ಓದುವಾಗ ಇಬ್ಬರಿಗೂ ಒಂದೇ ಹಾಸ್ಟೆಲ್ ರೂಮು, ಇಬ್ಬರಿಗೂ ಸೇರಿ ಒಂದೇ ಕ್ಯಾಮೆರಾ. ಆಮೇಲೆ ಅವಳು ಕ್ಯಾಮೆರಾ ನೇತುಹಾಕಿಕೊಂಡು ಊರೂರು ಅಲೆದಳು. ನಾನು ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಆದೆ. ನನ್ನ ಫೋಟೊಗ್ರಫಿ ಭಾನುವಾರಕ್ಕೆ ಬಂತು, ಅದೂ ಬಟ್ಟೆ ಒಗೆದು ಮುಗಿದ ಮೇಲೆ.

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಒಂದು ಕಲಾಕೇಂದ್ರ ಫೋಟೊ ಪ್ರದರ್ಶನಕ್ಕೆ ಅರ್ಜಿ ಕರೆದಿತ್ತು. ಇದು ಅಮೆರಿಕದ ಜಾರ್ಜಿಯಾ ಅಲ್ಲ. ಟರ್ಕಿಗೂ ರಷ್ಯಾಕ್ಕೂ ನಡುವೆ ಗುಡ್ಡಗಳಲ್ಲಿ ಅಡಗಿ ಕೂತಿರುವ ಪುಟ್ಟ ದೇಶ. ನಾವಿಬ್ಬರೂ ಅರ್ಜಿ ಹಾಕಿದೆವು. ಮಂಜುಳಾಳ ಫೋಟೊಗಳು ಆಯ್ಕೆಯಾದವು. ನನಗೆ ಬಂದ ಉತ್ತರ ಬೇರೆ. ನಿಮ್ಮ ಚಿತ್ರಗಳನ್ನು ಈ ಸಲ ತೆಗೆದುಕೊಳ್ಳಲಾಗುತ್ತಿಲ್ಲ, ಆದರೆ ಅವನ್ನು ನೀವು ಜೋಡಿಸಿದ ಕ್ರಮ ನಮಗೆ ಬಹಳ ಹಿಡಿಸಿತು, ಕ್ಯುರೇಟರ್ ತರಬೇತಿಗೆ ಆರು ವಾರ ಬರುತ್ತೀರಾ ಅಂತ. ಪರೀಕ್ಷೆಯಲ್ಲಿ ಫೇಲಾದವಳನ್ನು ಕರೆದು, ಪಾಸಾದವರಿಗೆ ಸರ್ಟಿಫಿಕೇಟ್ ಬರೆದುಕೊಡು ಅಂದ ಹಾಗಾಯಿತು.

ಗುಬ್ಬಿಗೆ ಹೋಗಿ ಅಮ್ಮನಿಗೆ ವಿಷಯ ಹೇಳಿದೆ. ಅಮ್ಮನದು ಹಿಟ್ಟಿನ ಗಿರಣಿ. ಬೆಲ್ಟಿನ ಗದ್ದಲದಲ್ಲೇ ಕಿವಿಗೊಟ್ಟು ಕೇಳಿದಳು.

"ಅಂದ್ರೆ ಫೋಟೊ ತೆಗಿಯೋದು ನೀನಲ್ಲ?"

"ಅಲ್ಲಮ್ಮ. ಬೇರೆಯವರು ತೆಗೆದಿದ್ದರಲ್ಲಿ ಯಾವುದನ್ನ ಇಡಬೇಕು, ಯಾವುದನ್ನ ಬಿಡಬೇಕು, ಯಾವುದರ ಪಕ್ಕ ಯಾವುದು, ಎಷ್ಟು ಎತ್ತರಕ್ಕೆ, ಎಷ್ಟು ಬೆಳಕಲ್ಲಿ ಅಂತ ನೋಡೋದು."

"ಮದ್ವೆ ಅವ್ರದ್ದು, ಚಪ್ಪರ ನಿಂದು ಅನ್ನು," ಅಂದಳು ಅಮ್ಮ. "ಹೋಗ್ಬುಟ್ಟು ಬಾ. ಚಪ್ಪರ ಇಲ್ದೆ ಯಾವ ಮದ್ವೆ ಆಯ್ತದೆ?"

ಮಂಜುಳಾ ಫೋನ್ ಮಾಡಿ ಕುಣಿದಾಡಿದಳು. "ಇಬ್ರೂ ಒಂದೇ ಕಡೆ ಹೋಗ್ತಾ ಇದೀವಿ ಕಣೇ ಹೇಮಿ! ನಾನು ಓಪನಿಂಗ್‌ಗೆ ಬರ್ತೀನಿ, ನೀನು ಮೊದ್ಲೇ ಹೋಗಿ ಜಾಗ ಹಿಡಿ." ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವಳ ಹಾಗೆ ನಾನು ಹೊರಟೆ.

ಇಮಿಗ್ರೇಷನ್ ಕಿಟಕಿ

ಟಿಬಿಲಿಸಿಯ ವಿಮಾನ ನಿಲ್ದಾಣದ ಕಿಟಕಿಯೊಳಗಿದ್ದ ಅಧಿಕಾರಿ ಪಾಸ್‌ಪೋರ್ಟ್ ತಿರುವುತ್ತಾ ಯಾಕೆ ಬಂದಿರಿ ಅಂತ ಕೇಳಿದ. ಕ್ಯುರೇಟರ್ ಅಂದೆ. ಅರ್ಥವಾಗಲಿಲ್ಲ. ಫೋಟೊ ಅಂದೆ. "ಓ, ಫೋಟೊಗ್ರಾಫರ್!" ಅಂತ ಮುಖ ಅರಳಿಸಿದ. ಹೌದು ಅನ್ನಬಹುದಿತ್ತು. ಅಲ್ಲ, ಬೇರೆಯವರ ಫೋಟೊಗಳನ್ನು ಗೋಡೆಗೆ ಹಾಕುವುದನ್ನು ಕಲಿಯಲು ಬಂದಿದ್ದೇನೆ ಅಂದೆ.

ಆತ ನನ್ನನ್ನೊಮ್ಮೆ, ಹಿಂದಿನ ಉದ್ದದ ಸಾಲನ್ನೊಮ್ಮೆ ನೋಡಿದ. "ಮೊಳೆ ಹೊಡೆಯೋದಕ್ಕೆ ಭಾರತದಿಂದ ಬಂದಿರಾ?"

ಪಕ್ಕದ ಕಿಟಕಿಯವಳಿಗೂ ಅವರ ಭಾಷೆಯಲ್ಲಿ ಹೇಳಿದ. ಇಬ್ಬರೂ ನಕ್ಕರು. ಮುದ್ರೆ ಒತ್ತುವಾಗ ಮಾತ್ರ ಬಲು ಗೌರವದಿಂದ, "ನಮ್ಮ ದೇಶದಲ್ಲಿ ಗೋಡೆಗಳು ಹಳೇವು, ಹುಷಾರು," ಅಂದ.

ಏಳನೇ ಮಹಡಿ

ನನಗೆ ಉಳಿಯಲು ಕೊಟ್ಟಿದ್ದು ಲಮಾರಾ ಎಂಬ ನಿವೃತ್ತ ಭೂಗೋಳದ ಮೇಷ್ಟ್ರಮ್ಮನ ಮನೆಯಲ್ಲಿ ಒಂದು ಕೋಣೆ, ಏಳನೇ ಮಹಡಿ. ಕಟ್ಟಡ ಹಳೆಯ ಸೋವಿಯತ್ ಕಾಲದ್ದು. ಲಿಫ್ಟಿನೊಳಗೆ ಕಾಸು ಹಾಕುವ ಒಂದು ಕಬ್ಬಿಣದ ಡಬ್ಬಿ ಇತ್ತು, ಮೇಲುಗಡೆ ಮೇರಿಯಮ್ಮನ ಸಣ್ಣ ಪಟ. ದೇವರ ಹುಂಡಿ ಅಂದುಕೊಂಡು, ನಾಳೆ ಹಾಕಿದರಾಯಿತು ಅಂತ ಗುಂಡಿ ಒತ್ತಿದೆ. ಲಿಫ್ಟು ಅಲುಗಾಡಲಿಲ್ಲ. ಹತ್ತು ಸಲ ಒತ್ತಿ, ಕೆಟ್ಟಿದೆ ಅಂದುಕೊಂಡು, ಸೂಟ್‌ಕೇಸು ಹೊತ್ತು ಏಳು ಮಹಡಿ ಹತ್ತಿದೆ. ಅದು ಹುಂಡಿಯಲ್ಲ, ಲಿಫ್ಟಿನ ಊಟ: ಕಾಸು ತಿಂದರೆ ಮಾತ್ರ ಮೇಲೇರುತ್ತದೆ. ಲಮಾರಾ ಇಡೀ ಕಟ್ಟಡಕ್ಕೆ ಈ ಕಥೆ ಹೇಳಿದರು. ಮರುದಿನದಿಂದ ಮೆಟ್ಟಿಲಲ್ಲಿ ಸಿಕ್ಕವರೆಲ್ಲ ನನ್ನ ಕೈಗೆ ಚಿಲ್ಲರೆ ತುರುಕತೊಡಗಿದರು.

ಊರಿನ ಬೋರ್ಡುಗಳೆಲ್ಲ ನಮ್ಮ ಅಕ್ಷರಗಳನ್ನೇ ಕನ್ನಡಕ ತೆಗೆದಿಟ್ಟು ನೋಡಿದ ಹಾಗೆ ಕಾಣುತ್ತವೆ. ಎಲ್ಲ ದುಂಡು ದುಂಡು. ಒಂದು ಥೇಟ್ ನಮ್ಮ ಠ, ಇನ್ನೊಂದು ಬಾಲ ಮುರಿದ ರ. ಬಾಯಿ ತಾನೇ ತೆರೆದುಕೊಳ್ಳುತ್ತದೆ, ಸದ್ದು ಮಾತ್ರ ಹೊರಡುವುದಿಲ್ಲ. ಬಸ್ಸು ಯಾವುದೇ ಚರ್ಚಿನ ಮುಂದೆ ಹಾದರೂ ಜನ ಫೋನು ನೋಡುತ್ತಲೇ ಎದೆಯ ಮೇಲೆ ಮೂರು ಸಲ ಶಿಲುಬೆ ಎಳೆದುಕೊಳ್ಳುತ್ತಾರೆ. ಕುಣಿಗಲ್ ಬಸ್ಸಿನಲ್ಲಿ ಗುಡಿ ಕಂಡಾಗ ಕೆನ್ನೆಗೆ ಹೊಡೆದುಕೊಳ್ಳುವವರ ಪಕ್ಕ ಇವರನ್ನು ಕೂರಿಸಿದರೆ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಬೀದಿನಾಯಿಗಳ ಕಿವಿಗೆ ಬಣ್ಣದ ಬಿಲ್ಲೆ ಹೊಡೆದಿದ್ದಾರೆ. ಆ ನಾಯಿಗಳು ಜನರ ಜೊತೆ ಸಿಗ್ನಲ್‌ಗೆ ಕಾದು ರಸ್ತೆ ದಾಟುತ್ತವೆ. ತುಮಕೂರಿನಲ್ಲಿ ಮನುಷ್ಯರಿಗೇ ಇದನ್ನು ಕಲಿಸಲು ಆಗಿಲ್ಲ.

ಕಾಲುಚೀಲದ ಕಾರ್ಖಾನೆ

ಕಲಾಕೇಂದ್ರ ಇರುವುದು ಹಿಂದೆ ಕಾಲುಚೀಲ ನೇಯುತ್ತಿದ್ದ ಒಂದು ಕಾರ್ಖಾನೆಯಲ್ಲಿ. ನಮ್ಮ ಗುರು ನಿನೊ. ಐವತ್ತರ ಹೆಂಗಸು, ತಲೆಗೂದಲು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು, ಮಾತು ಕಡಿಮೆ. ಮೊದಲ ದಿನ ಒಂದೂ ಚಿತ್ರವಿಲ್ಲದ ಖಾಲಿ ಕೋಣೆಯಲ್ಲಿ ತರಬೇತಿಗೆ ಬಂದ ನಮ್ಮನ್ನೆಲ್ಲ ಸಂಜೆಯವರೆಗೆ ಕೂರಿಸಿದಳು. ಬೆಳಕು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ, ಜನ ಯಾವ ಬಾಗಿಲಲ್ಲಿ ಬಂದು ಯಾವ ಕಡೆ ಕತ್ತು ತಿರುಗಿಸುತ್ತಾರೆ ಯೋಚಿಸಿ ಅಂದಳು. ಹೈಸ್ಕೂಲ್ ಕೊಠಡಿಗಳಲ್ಲಿ ಪರೀಕ್ಷೆ ಕಾವಲು ಕೂತು ಅಭ್ಯಾಸವಿದ್ದ ನನಗೆ ಅದೇನೂ ಕಷ್ಟವಾಗಲಿಲ್ಲ.

ಇನ್ನೊಂದು ದಿನ ಒಂದು ಒಳ್ಳೆಯ ಚಿತ್ರ ತಂದು ಗೋಡೆಗೆ ಹಾಕಿದಳು: ಹಿಮದಲ್ಲಿ ನಿಂತ ಒಬ್ಬ ಮುದುಕ. ಕಣ್ಣು ಕೀಳಲಾಗುತ್ತಿರಲಿಲ್ಲ. ಆಮೇಲೆ ಪಕ್ಕದಲ್ಲಿ ಇನ್ನೊಂದು ಹಿಮದ ಚಿತ್ರ ಹಾಕಿದಳು, ಅದರ ಪಕ್ಕ ಇನ್ನೊಂದು ಮುದುಕನ ಚಿತ್ರ. ನೋಡನೋಡುತ್ತಾ ಮೊದಲನೆಯದು ಸತ್ತೇ ಹೋಯಿತು.

"ಕೊಲ್ಲೋದು ಇಷ್ಟು ಸುಲಭ," ಅಂದಳು ನಿನೊ. "ಯಾರಿಗೂ ಗೊತ್ತಾಗಲ್ಲ. ಫೋಟೊಗ್ರಾಫರ್‌ಗೂ ಗೊತ್ತಾಗಲ್ಲ. ನನ್ನ ಚಿತ್ರವೇ ಚೆನ್ನಾಗಿಲ್ಲ ಅಂದುಕೊಂಡು ಮನೆಗೆ ಹೋಗ್ತಾನೆ."

ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ, ಅದು ಮರೆಯುವ ಮಾತಾಗಿರಲಿಲ್ಲ.

ಆ ವಾರದ ಕೊನೆಗೆ ಕೋಣೆಗಳು ಹಂಚಿಕೆಯಾದವು. ಪ್ರತಿ ಶಿಷ್ಯರಿಗೂ ಒಬ್ಬ ಫೋಟೊಗ್ರಾಫರ್, ಒಂದು ಕೋಣೆ. ನನಗೆ ಯಾರ ಹೆಸರು ಬರಬಾರದು ಅಂದುಕೊಂಡಿದ್ದೆನೋ ಅದೇ ಬಂತು, ಮಂಜುಳಾ.

"ನೀವಿಬ್ಬರೂ ಒಂದೇ ಕಡೆಯವರು. ಆ ಬೆಳಕು ನಿನಗೆ ಗೊತ್ತು," ಅಂದಳು ನಿನೊ.

ಆ ಬೆಳಕು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತು ಅಂತ ಹೇಳುವಷ್ಟು ಇಂಗ್ಲಿಷು ನನ್ನಲ್ಲಿತ್ತು. ಹೇಳಲಿಲ್ಲ.

ಪೆಟ್ಟಿಗೆ

ಪರದೆಯ ಮೇಲೆ ನೋಡಬೇಡ, ಮೊದಲ ಸಲ ಕಾಗದದಲ್ಲೇ ನೋಡು ಅಂತ ನಿನೊ ತಾಕೀತು ಮಾಡಿದ್ದಳು. ಪ್ರಿಂಟುಗಳು ಚಪ್ಪಟೆ ಪೆಟ್ಟಿಗೆಯಲ್ಲಿ ಬಂದವು. ಬಿಳಿ ಕೈಗವಸು ಹಾಕಿಕೊಂಡು ಒಬ್ಬಳೇ ಬಿಚ್ಚಿದೆ.

ಮಂಜುಳಾಳ ಸರಣಿಯ ಹೆಸರು 'ದೂಳು'. ಕುಣಿಗಲ್‌ನ ಕುದುರೆ ಫಾರಂನಲ್ಲಿ ಕುದುರೆ ಉಜ್ಜುವವನ ಬೆನ್ನ ಮೇಲೆ ಕೆಂಪು ದೂಳು. ಹೆಬ್ಬೂರಿನಲ್ಲಿ ರಾಗಿ ತೂರುವವಳ ಸುತ್ತ ಹೊಟ್ಟಿನ ಮೋಡ. ಇಟ್ಟಿಗೆ ಹೊರುವವರು, ಕಲ್ಲು ಕುಟ್ಟುವವರು, ಬೋರ್‌ವೆಲ್ ಲಾರಿಯ ಹುಡುಗರು. ಒಂದೊಂದನ್ನೂ ಎತ್ತಿ ಮೇಜಿನ ಮೇಲಿಡುವಾಗ ನನಗೆ ತಪ್ಪು ಹುಡುಕುವ ಆಸೆ. ಇಲ್ಲಿ ಫೋಕಸ್ ತಪ್ಪಿದೆ, ಇದು ಎಲ್ಲೋ ನೋಡಿದ ಹಾಗಿದೆ, ಇದು ಬರೀ ಅದೃಷ್ಟ. ಎರಡು ಮೂರು ಕಡೆ ಸಿಕ್ಕಿತು. ಖುಷಿಯಾಯಿತು. ಮಿಕ್ಕವು ಚೆನ್ನಾಗಿದ್ದವು, ಹೊಟ್ಟೆ ಉರಿಯುವಷ್ಟು ಚೆನ್ನಾಗಿದ್ದವು.

ಪೆಟ್ಟಿಗೆಯ ತಳದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಿಂಟು. ಮೇಲಿನ ತೆಳು ಕಾಗದ ಸರಿಸಿದೆ.

ಅಮ್ಮ.

ಗಿರಣಿಯ ಬೆಲ್ಟಿನ ಮುಂದೆ ನಿಂತಿದ್ದಾಳೆ. ಮುಖ, ಕತ್ತು, ಸೆರಗು ಎಲ್ಲ ರಾಗಿ ಹಿಟ್ಟು. ರೆಪ್ಪೆಗೂದಲ ಮೇಲೂ ಹಿಟ್ಟು. ಯಾರೋ ಏನೋ ಹೇಳಿದ್ದಕ್ಕೆ ನಗುತ್ತಿದ್ದಾಳೆ, ಬಾಯಿ ಪೂರ್ತಿ ತೆರೆದು, ಬಿದ್ದುಹೋದ ದವಡೆ ಹಲ್ಲಿನ ಜಾಗ ಕಾಣುವ ಹಾಗೆ.

ನಾನು ಆ ಚಿತ್ರಕ್ಕಾಗಿ ವರ್ಷಗಟ್ಟಲೆ ಗುಬ್ಬಿಗೆ ಹೋಗಿದ್ದೇನೆ. ಹೋದಾಗಲೆಲ್ಲ ಅಮ್ಮ ಒಂದೇ ಮಾತು: "ಇರು, ಮುಖ ತೊಳ್ಕಂಡ್ ಬತ್ತೀನಿ." ಮುಖ ತೊಳೆದು, ಪೌಡರ್ ಹಾಕಿ, ಇಸ್ತ್ರಿ ಸೀರೆ ಉಟ್ಟು, ಕೈಕಟ್ಟಿ ನಿಲ್ಲುತ್ತಿದ್ದಳು, ರೇಷನ್ ಕಾರ್ಡಿನ ಫೋಟೊಗೆ ನಿಂತ ಹಾಗೆ. ಬೇಡಮ್ಮ, ಹಿಟ್ಟಿನಲ್ಲೇ ನಿಂತ್ಕೊ ಅಂತ ಕಾಡಿದ್ದೇನೆ, ಜಗಳವಾಡಿದ್ದೇನೆ. ಒಮ್ಮೆಯೂ ಒಪ್ಪಲಿಲ್ಲ. ಆ ನಗು ನನ್ನ ಕ್ಯಾಮೆರಾಕ್ಕೆ ಒಮ್ಮೆಯೂ ಸಿಗಲಿಲ್ಲ. ಮಂಜುಳಾ ಒಂದು ದಿನ ಹೋಗಿ ತಂದುಬಿಟ್ಟಿದ್ದಳು.

ಚಿತ್ರವನ್ನು ವಾಪಸ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ.

ನಿನೊಳ ತೋಟ

ಭಾನುವಾರ ನಿನೊ ನಮ್ಮನ್ನೆಲ್ಲ ಊರ ಹೊರಗಿನ ತನ್ನ ದ್ರಾಕ್ಷಿ ತೋಟಕ್ಕೆ ಕರೆದೊಯ್ದಳು. ಅಲ್ಲಿ ಊಟ ಅಂದರೆ ಭಾಷಣ. ಒಬ್ಬ ಹಿರಿಯ ಎದ್ದು ಮಾತಾಡಿ ಮುಗಿಸುವವರೆಗೆ ಯಾರೂ ಲೋಟಕ್ಕೆ ಬಾಯಿ ಹಚ್ಚುವಂತಿಲ್ಲ. ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಹುಳಿ, ಜೊತೆಗೆ ಮೆಕ್ಕೆಜೋಳದ ದಪ್ಪ ರೊಟ್ಟಿ. ಒಂದು ತುತ್ತಿಗೆ ಊರು ನೆನಪಾಯಿತು. ಎರಡನೇ ತುತ್ತಿಗೆ ಕೈ ಹಾಕಿದ್ದೆ, ಭಾಷಣ ಶುರುವಾಯಿತು. ಬದುಕಿರುವವರಿಗೆ, ಸತ್ತವರಿಗೆ, ನೆರೆಯವರಿಗೆ ಅಂತ ಲೋಟಗಳು ಏಳುತ್ತಾ ಹೋದವು. ನನ್ನದರಲ್ಲಿ ಹಸಿರು ಬಣ್ಣದ ಯಾವುದೋ ಸೊಪ್ಪಿನ ಶರಬತ್ತು. ಕೊನೆಗೆ ನಿನೊ ಎದ್ದು ನನ್ನ ಕಡೆ ತಿರುಗಿದಳು.

"ಇನ್ನೂ ಬಾರದ ನಮ್ಮ ಅತಿಥಿ ಮಂಜುಳಾಗೆ. ಅವಳ ಕಣ್ಣಿಗೆ."

ಎಲ್ಲರೂ ಕುಡಿದರು. ನಾನೂ ಕುಡಿದೆ. ಶರಬತ್ತು ಕೆಮ್ಮಿನ ಔಷಧಿಯ ಹಾಗಿತ್ತು.

ಮಾರನೆಯ ದಿನ ರಟ್ಟಿನಲ್ಲಿ ಮಾಡಿದ ನನ್ನ ಪುಟ್ಟ ಕೋಣೆಯನ್ನು ನಿನೊಗೆ ತೋರಿಸಿದೆ. ನಿಜವಾದ ಕೋಣೆಯ ಅಳತೆಗೆ ಗೋಡೆ ಕತ್ತರಿಸಿ, ಬೆಂಕಿಪೊಟ್ಟಣದ ಚೀಟಿಯಷ್ಟು ಸಣ್ಣ ಚಿತ್ರಗಳನ್ನು ಅಂಟಿಸಿ ಮೊದಲು ಹೀಗೆ ಆಡಿ ನೋಡಬೇಕು. ನಿನೊ ಬಗ್ಗಿ ತುಂಬ ಹೊತ್ತು ನೋಡಿದಳು.

"ಆ ಗಿರಣಿಯ ಹೆಂಗಸು ಎಲ್ಲಿ?"

"ಅದು ಸರಣಿಗೆ ಹೊಂದಲ್ಲ. ಮಿಕ್ಕವರೆಲ್ಲ ಕೆಲಸ ಮಾಡ್ತಿದ್ದಾರೆ, ಆಕೆ ನಗ್ತಿದ್ದಾಳೆ."

"ಕಾರಣ ಚೆನ್ನಾಗಿದೆ. ನಿಜವಾದದ್ದು ಹೇಳು."

"ಆಕೆ ನಮ್ಮಮ್ಮ."

ನಿನೊ ಕುರ್ಚಿ ಎಳೆದುಕೊಂಡು ಕೂತಳು. ಸಮಾಧಾನದ ಮಾತು ಬರುತ್ತದೆ ಅಂತ ಕಾದೆ. ಬರಲಿಲ್ಲ.

"ಫೋಟೊ ತೆಗೆಯುವವರು ಹೊಟ್ಟೆಕಿಚ್ಚು ಪಡಬಹುದು. ಅದರಿಂದ ಅವರ ಕೆಲಸ ಸುಧಾರಿಸಲೂಬಹುದು. ನಮಗೆ ಆ ಅನುಕೂಲ ಇಲ್ಲ ಹೇಮಾ. ಗುರುವಾರ ಮೊಳೆ ಹೊಡೆಯೋ ಹೊತ್ತಿಗೆ ನಿರ್ಧಾರ ಹೇಳು. ಹಾಕದಿದ್ದರೆ ನಾನು ಯಾರಿಗೂ ಹೇಳಲ್ಲ."

ಕೊನೆಯ ಮಾತು ಹೇಳದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ನನಗೆ ಎದುರು ಮಾತಾಡಬಹುದಿತ್ತು.

ಗುಬ್ಬಿಗೆ ಫೋನು

ಬೆಳಿಗ್ಗೆ ಪಾರ್ಕಿನ ಬೆಂಚಿನಿಂದ ಅಮ್ಮನಿಗೆ ಫೋನ್ ಮಾಡಿದೆ. ಕಿವಿಗೆ ಹಳದಿ ಬಿಲ್ಲೆಯಿದ್ದ ಒಂದು ನಾಯಿ ಬಂದು ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತು. ಗಿರಣಿಯಲ್ಲಿ ಕರೆಂಟ್ ಹೋಗಿತ್ತಂತೆ; ಅಮ್ಮ ಬಿಡುವಾಗಿದ್ದಳು.

"ಮಂಜುಳಾ ಬಂದು ನಿನ್ನ ಫೋಟೊ ತೆಗೆದಿದ್ದಳಾ?"

"ಹೂಂ ಕಣವ್ವ, ಯಾವಾಗ್ಲೋ ಬಂದಿದ್ಲು. ಯೋಳ್ಬ್ಯಾಡಿ, ಹೇಮಿಗೆ ಸರ್‌ಪ್ರೈಸು ಅಂದ್ಲು. ಮುದ್ದೆ ಉಂಡ್ಕಂಡು ಹೋದ್ಲು. ಯಾಕೆ, ಕೆಟ್ಟದಾಗಿ ಬಂದೈತಾ?"

"ಚೆನ್ನಾಗಿ ಬಂದಿದೆ. ಅಮ್ಮ, ಅವಳ ಮುಂದೆ ಹಿಟ್ಟಿನಲ್ಲೇ ನಿಂತಿದ್ದೀಯ. ನಾನು ಎಷ್ಟು ಸಲ ಬೇಡಿಕೊಂಡೆ! ನನಗೆ ಯಾಕೆ ನಿಲ್ಲಲಿಲ್ಲ?" ನನ್ನ ಗಂಟಲು ಎಂಟನೇ ಕ್ಲಾಸಿನವಳ ಗಂಟಲಾಗಿತ್ತು.



"ಅವ್ಳು ಯಾರೋ, ಬತ್ತಾಳೆ ಹೋಯ್ತಾಳೆ. ಅವ್ಳ ಮುಂದೆ ನಾನು ಹೆಂಗಿದ್ರೇನು? ನೀನು ತೆಗಿತೀನಿ ಅಂದ್ರೆ ನಂಗೆ ಹಬ್ಬ ಇದ್ದಂಗೆ ಕಣೇ. ಮಗ್ಳು ತೆಗಿಯೋ ಫೋಟೊ, ಚೆಂದಾಗ್ ಕಾಣ್ಬೇಕಲ್ವಾ? ಅದ್ಕೇ ಮುಖ ತೊಳ್ಕಂಡ್ ಬತ್ತಿದ್ದೆ."

ನಾಯಿ ತಲೆಯೆತ್ತಿ ನನ್ನನ್ನು ನೋಡಿತು.

"ಇಲ್ಲಿ ಅದನ್ನ ಗೋಡೆಗೆ ಹಾಕಬೇಕು ಅಂತಾರೆ. ಹಾಕ್ಲಾ, ಬೇಡ್ವಾ?"

"ನನ್ನೇನ್ ಕೇಳ್ತೀಯ? ಇಡೋದು ಬುಡೋದು ನಿನ್ ಕೆಲ್ಸ ಅಂತ ನೀನೇ ಯೋಳಿದ್ದೆ," ಅಂದಳು. ಅಷ್ಟರಲ್ಲಿ ಕರೆಂಟ್ ಬಂತು. ಗಿರಣಿಯ ಸದ್ದಿನಲ್ಲಿ ಮಿಕ್ಕಿದ್ದು ಕೇಳಿಸಲಿಲ್ಲ.

ಅಸೂಯೆ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಈಗ ಅದಕ್ಕೆ ಇನ್ನೊಂದು ಮೂಲೆ ಹುಟ್ಟಿಕೊಂಡಿತು: ಅಮ್ಮ ನನಗೆ ಕೊಟ್ಟದ್ದು ಹೆಚ್ಚಿನದು, ಒಳ್ಳೆಯ ಫೋಟೊ ಸಿಕ್ಕಿದ್ದು ಕಡಿಮೆ ಪಡೆದವಳಿಗೆ. ಈ ಲೆಕ್ಕದಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕಾರ್ಖಾನೆಯ ದಾರಿ ಹಿಡಿದೆ. ನಾಯಿ ಸಿಗ್ನಲ್‌ವರೆಗೆ ಬಂದು ಬಿಟ್ಟುಹೋಯಿತು.

ಗುರುವಾರ

ರಟ್ಟಿನ ಕೋಣೆಯನ್ನು ಪೂರ್ತಿ ಕಿತ್ತು ಮತ್ತೆ ಕಟ್ಟಿದೆ. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಅಮ್ಮ ಒಬ್ಬಳೇ, ಅಕ್ಕಪಕ್ಕ ಯಾರೂ ಇಲ್ಲ. ಚಿತ್ರದ ನಡುಮಧ್ಯ ಸಾಧಾರಣ ಆಳಿನ ಕಣ್ಣಿನ ಮಟ್ಟಕ್ಕೆ ಬರಬೇಕು ಅನ್ನುವುದು ಈ ವಿದ್ಯೆಯ ನಿಯಮ. ನಿಜವಾದ ಗೋಡೆಯ ಮೇಲೆ ಹಾಗೆ ಹಿಡಿದು ನೋಡಿದೆ. ಅಮ್ಮ ಮೆಟ್ಟಿಲು ಹತ್ತಿ ನಿಂತ ಹಾಗೆ ಕಂಡಳು. ಅವಳು ನನ್ನ ಭುಜಕ್ಕೆ ಬರುವ ಆಳು. ಗೋಡೆಯಲ್ಲಿ ನನ್ನ ಭುಜದ ಮಟ್ಟಕ್ಕೆ ಪೆನ್ಸಿಲ್ ಗುರುತು ಮಾಡಿ, ಗಿರಣಿಯಲ್ಲಿ ಅವಳ ಕಣ್ಣು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೇ ಇಳಿಸಿ ಹಾಕಿದೆ. ಗೋಡೆ ನಿಜವಾಗಿಯೂ ಹಳೆಯದು. ಮೊದಲ ಮೊಳೆಗೆ ಅಂಗೈಯಗಲ ಗಾರೆ ಕಳಚಿಬಿತ್ತು. ಅದನ್ನು ಮೆತ್ತಿ, ಬಣ್ಣ ಹಚ್ಚಿ, ಒಣಗಿಸುವಷ್ಟರಲ್ಲಿ ಮಂಜುಳಾ ಏರ್‌ಪೋರ್ಟಿನಿಂದ ನೇರ ಬಂದಳು.

"ಹೇಮೀ!" ಅಂತ ತಬ್ಬಿಕೊಂಡಳು. ಮೈತುಂಬ ಪ್ರಯಾಣದ ಬೆವರು, ಕೈಯಲ್ಲಿ ಅಮ್ಮ ಕೊಟ್ಟು ಕಳಿಸಿದ ಹುರಿಹಿಟ್ಟಿನ ಡಬ್ಬಿ. ಅದನ್ನು ಅವಳ ಕೈಯಿಂದ ತೆಗೆದುಕೊಳ್ಳುವುದಕ್ಕೂ ನನಗೆ ಸಂಕಟ. ಕೋಣೆಗೆ ಕರೆದೊಯ್ದೆ. ಒಂದು ಸುತ್ತು ಬಂದು ಅಮ್ಮನ ಮುಂದೆ ನಿಂತಳು.

"ಏನೇ ಇದು? ಇಷ್ಟ್ ಕೆಳಗೆ? ಜಾರಿ ಬಿದ್ದಂಗೈತಲ್ಲೇ!"

"ಬಿದ್ದಿಲ್ಲ. ಅಮ್ಮ ಅಷ್ಟೇ ಎತ್ತರ ಇರೋದು."

"ಎತ್ತರ ಯಾರಿಗ್ ಬೇಕು? ಇದು ಫೋಟೊ ಕಣೇ. ನನ್ನ ಬೆಸ್ಟ್ ಫೋಟೊ."

"ಫೋಟೊ ನಿಂದು. ಕೋಣೆ ನಂದು."

ಹಾಸ್ಟೆಲ್ ಬಿಟ್ಟ ಮೇಲೆ ನಾವು ಹೀಗೆ ದನಿಯೆತ್ತಿ ಮಾತಾಡಿದ್ದು ಅದೇ ಮೊದಲು. ಮಂಜುಳಾ ಕೋಣೆಯಿಂದ ಹೊರಗೆ ಹೋದಳು. ಮತ್ತೆ ಬಾಗಿಲಿಂದ ಒಳಗೆ ಬಂದಳು, ಹತ್ತಿರ ಹೋದಳು, ಕತ್ತು ಬಗ್ಗಿಸಿದಳು. ಮುಖಕ್ಕೆ ಮುಖ ಬಂತು.

"ಬಗ್ಗಿ ನೋಡ್ಬೇಕಲ್ಲೇ," ಅಂದಳು, ದನಿ ಇಳಿಸಿ. "ಸರಿ ಬಿಡು. ಇರ್ಲಿ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಹೆಸರಿನ ಚೀಟಿ ತೆಗೆದೆ. ಅವಳು ಕಳಿಸಿದ್ದು: 'ಗಿರಣಿಯ ಹೆಂಗಸು, ಗುಬ್ಬಿ.'

"ಈಕೆಗೆ ಹೆಸರಿದೆ ಮಂಜು. ಪುಟ್ಟಲಕ್ಷ್ಮಮ್ಮ."

"ನಿಮ್ಮಮ್ಮ ಅಂತ ನಿಂಗೆ ಹೆಸ್ರು ಬೇಕು. ಮಿಕ್ಕೋರಿಗೆಲ್ಲಿಂದ ತರ್ಲಿ?"

"ಮಿಕ್ಕವರಿಗೂ ಮನೇಲಿ ಯಾರೋ ಇರ್ತಾರೆ. ಫೋನ್ ಮಾಡು."

ಬೈದುಕೊಂಡೇ ಮಾಡಿದಳು. ಕುದುರೆ ಫಾರಂಗೆ, ಇಟ್ಟಿಗೆ ಗೂಡಿಗೆ, ಹೆಬ್ಬೂರಿನ ಟೀ ಅಂಗಡಿಗೆ. ಅವಳು ಹೆಸರು ಕೂಗಿ ಹೇಳಿದಳು, ನಾನು ಟೈಪ್ ಮಾಡಿದೆ. ಮುಗಿಯುವ ಹೊತ್ತಿಗೆ ಇಬ್ಬರಿಗೂ ಹಸಿವಾಗಿತ್ತು. ಹುರಿಹಿಟ್ಟಿಗೆ ಬೆಲ್ಲ ಬೆರೆಸಿ, ನೆಲದ ಮೇಲೆ ಕೂತು ತಿಂದೆವು.

ಪ್ರದರ್ಶನದ ಸಂಜೆ

ಜನ ಚೆನ್ನಾಗಿಯೇ ಬಂದರು. ಲಮಾರಾ ಮುತ್ತಿನ ಸರ ಹಾಕಿಕೊಂಡು ಬಂದು, ಲಿಫ್ಟಿನ ಕಥೆಯನ್ನು ಗೊತ್ತಿಲ್ಲದವರಿಗೆಲ್ಲ ಹೇಳಿದರು. ಒಳಗೆ ಬಂದವರು ಗೋಡೆಗಳ ಉದ್ದಕ್ಕೂ ಮಾತಾಡುತ್ತಾ ಸಾಗಿ, ಅಮ್ಮನ ಮುಂದೆ ಬಂದಾಗ ಮಾತು ನಿಲ್ಲಿಸಿ ಕತ್ತು ಬಗ್ಗಿಸುತ್ತಿದ್ದರು. ಅದನ್ನು ನಾನು ಮೂಲೆಯಲ್ಲಿ ನಿಂತು ನೋಡಿದೆ. ಅವರನ್ನು ಬಗ್ಗಿಸಿದ್ದು ನಾನು ಅಂತ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಂಜುಳಾಳ ಸುತ್ತ ಗುಂಪು. ಟೀವಿಯವರೊಬ್ಬರು, ಪತ್ರಿಕೆಯವರಿಬ್ಬರು. ಕೈಕುಲುಕುವವರು, ಕೆನ್ನೆಗೆ ಮುತ್ತಿಡುವವರು. ಗುಂಪಿನಲ್ಲೊಬ್ಬಳು ಎಲ್ಲರೂ ಸೇರಿ ಒಂದು ಫೋಟೊ ಅಂದಳು, ಯಾರು ತೆಗೆಯುವುದು ಅಂತ ಸುತ್ತ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟಳು. ತೆಗೆದೆ. ನಿನೊ ದೂರದಿಂದ ನೋಡಿ ಹುಬ್ಬು ಹಾರಿಸಿದಳು, ಅಷ್ಟೇ.

ಊರಿನಲ್ಲಿ ಅಮ್ಮ ಗಿರಣಿ ಮುಚ್ಚಿ ಮನೆಗೆ ಬಂದಿರುವ ಹೊತ್ತು. ವಿಡಿಯೊ ಕರೆ ಮಾಡಿ ಫೋನನ್ನು ಗೋಡೆಗೆ ತಿರುಗಿಸಿದೆ.

"ಅಯ್ಯೋ ಶಿವನೇ! ಹಿಟ್ಟೆಲ್ಲ ಹಂಗೇ ಐತಲ್ಲೇ! ಒರ್ಸಿ ಹಾಕ್ಬಾರ್ದಿತ್ತಾ?" ಅಂದಳು. ಆಮೇಲೆ ಕಣ್ಣು ಕಿರಿದು ಮಾಡಿ, ಫೋನಿಗೆ ಮುಖ ಒತ್ತಿ ಹುಡುಕಿದಳು. "ಎಲ್ಲಾ ಚೆಂದಾಗೈತೆ. ನೀನ್ ತೆಗ್ದಿದ್ದು ಯಾವ್ದವ್ವ ಇದ್ರಾಗೆ?"

"ನಾನು ತೆಗೆದದ್ದು ಒಂದೂ ಇಲ್ಲಮ್ಮ. ನಾನು ಗೋಡೆ ಮಾಡಿದ್ದು."

"ಗೋಡೆನೇ ತೋರ್ಸು ಮತ್ತೆ," ಅಂದಳು ಅಮ್ಮ. "ಈ ಕಡೆಯಿಂದ ಪೂರ್ತಿ ತೋರ್ಸು. ಬಿರ್ರನೆ ತಿರುಗಿಸ್ಬ್ಯಾಡ, ತಲೆ ಸುತ್ತದೆ."

ಬಾಗಿಲ ಹತ್ತಿರದ ಮೂಲೆಯಿಂದ ಶುರುಮಾಡಿದೆ. ಒಂದೊಂದು ಚಿತ್ರದ ಮುಂದೆ ನಿಂತು ಹೆಸರು ಓದಿದೆ, ಎರಡು ಚಿತ್ರಗಳ ನಡುವೆ ಬಿಟ್ಟ ಖಾಲಿ ಜಾಗವನ್ನೂ ತೋರಿಸಿದೆ. ಮಂಜುಳಾ ಬಾಗಿಲಲ್ಲಿ ನಿಂತು, ಎಲ್ಲರೂ ಊಟಕ್ಕೆ ಹೊರಟರು, ಬಾರೇ ಅಂತ ಕೈಸನ್ನೆ ಮಾಡುತ್ತಿದ್ದಳು. ನನ್ನದು ಇನ್ನೂ ಎರಡು ಗೋಡೆ ಬಾಕಿಯಿತ್ತು. ಕಾಯಲಿ ಅಂತ ಬಿಟ್ಟೆ.